ಸಾಬೂನಿನ ಬೆಟ್ಟ

ಮರದ ಚೌಕಟ್ಟಿನ ಮೂಲೆಗಳಲ್ಲಿ ಹಿಂದಿನ ಕುದಿಯ ಸಾಬೂನು ಕಲ್ಲಾಗಿ ಕೂತಿತ್ತು. ಕಿರಿ ಸೊಸೆ ಮೊಂಡು ಚಾಕು ಹಿಡಿದು ಅದನ್ನು ಕೆರೆಯುತ್ತಿದ್ದಳು. ಉದುರಿದ ಪುಡಿಯನ್ನು ಅಂಗೈಯಿಂದ ಬಳಿದು ಡಬ್ಬಕ್ಕೆ ಹಾಕುವುದು, ಒದ್ದೆ ಬಟ್ಟೆಯಿಂದ ಮರ ಒರೆಸುವುದು, ಮುಂದಿನ ಚೌಕಟ್ಟನ್ನು ಎಳೆದುಕೊಳ್ಳುವುದು. ಎದ್ದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ, ಚಹಾವನ್ನೂ ಮುಟ್ಟಿರಲಿಲ್ಲ.

ಸಿಟ್ಟಿನಿಂದಲ್ಲ. ಅದು ಆ ಮನೆಯ ಪದ್ಧತಿ. ಹಿತ್ತಲಿನ ಶೆಡ್ಡಿನಲ್ಲಿ ದೊಡ್ಡ ಕೊಪ್ಪರಿಗೆ ಒಲೆ ಏರಿದ ದಿನ, ಸಾಬೂನಿನ ರುಚಿ ನೋಡುವವರು ಬಾಯಿಗೆ ಏನೂ ಹಾಕಬಾರದು, ಬಾಯಿಂದ ಏನೂ ಹೊರಡಿಸಬಾರದು. ಎಣ್ಣೆ ಮತ್ತು ಕಾಸ್ಟಿಕ್ ನೀರು ಪೂರ್ತಿ ಒಂದಾದವೋ ಇಲ್ಲವೋ ಎಂದು ಹೇಳಬೇಕಾದದ್ದು ನಾಲಿಗೆ. ಸೌಟಿಗೆ ಅಂಟಿದ್ದನ್ನು ಆರಲು ಬಿಟ್ಟು ನಾಲಿಗೆಯ ತುದಿಗೆ ತಾಗಿಸಬೇಕು. ಕಾಸ್ಟಿಕ್ ಇನ್ನೂ ಬಿಡಿಯಾಗಿ ಉಳಿದಿದ್ದರೆ, ಟಾರ್ಚಿನ ಬ್ಯಾಟರಿಗೆ ನಾಲಿಗೆ ಕೊಟ್ಟ ಹಾಗೆ ಚುಳ್ ಎನ್ನುತ್ತದೆ. ಅಂಥ ಸಾಬೂನು ಕೈ ತೊಳೆಯುವುದಿಲ್ಲ, ಕೈಯ ಚರ್ಮ ತಿನ್ನುತ್ತದೆ. ಏನೂ ಅನ್ನಿಸದೆ ಸಪ್ಪಗಿದ್ದರೆ ಕುದಿ ಮುಗಿಯಿತು. ನೋಡಿದವರು ತಲೆಯಾಡಿಸಿದರೆ ಸುರಿಯುವುದು, ಅಡ್ಡಡ್ಡ ಆಡಿಸಿದರೆ ಮತ್ತೆ ಕುದಿಸುವುದು. ಆಮೇಲೆ ಮನೆಯ ಯಜಮಾನ ತನ್ನ ಕೈಯಾರೆ ಒಂದು ಲೋಟ ನೀರು ಕೊಡುತ್ತಾನೆ. ಬಾಯಿ ಮುಕ್ಕಳಿಸಿದ ನಂತರವೇ ಮಾತು. ನೀರನ್ನು ತಾನೇ ಹೋಗಿ ತೆಗೆದುಕೊಳ್ಳುವ ಹಾಗಿಲ್ಲ. ಲೋಟ ಕೈಗೆ ಬಂತೆಂದರೆ ನಾಲಿಗೆಯ ತೀರ್ಪನ್ನು ಮನೆ ಒಪ್ಪಿತು ಎಂದರ್ಥ.

ಮಾವ ಇದ್ದಷ್ಟು ಕಾಲ ಆ ಲೋಟ ಒಮ್ಮೆಯೂ ತಪ್ಪಿರಲಿಲ್ಲ. ಇದು ಮಾವನಿಲ್ಲದ ಮೊದಲ ಕುದಿ. ಇವತ್ತು ತನ್ನ ನಾಲಿಗೆ ನಡೆದರೆ ಈ ಮನೆಯಲ್ಲಿ ತನ್ನ ಜಾಗ ಉಳಿಯುತ್ತದೆ, ನಡೆಯದಿದ್ದರೆ ಉಳಿದ ಆಯಸ್ಸು ಪಾತ್ರೆ ತಿಕ್ಕುವುದರಲ್ಲೇ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಚಾಕು ಅಷ್ಟು ಬಿರುಸಾಗಿ ಆಡುತ್ತಿತ್ತು.

ಅದು ಅವಳ ವಾರಗಿತ್ತಿಗೂ ಗೊತ್ತಿತ್ತು. ಕುದಿಯ ದಿನ ಬಂತೆಂದರೆ ಹಿರಿ ಸೊಸೆಗೆ ಬಾಯಿ ತುರಿಕೆ ಹತ್ತುತ್ತಿತ್ತು. ಬೈದರೆ ಎದುರು ಮಾತು ಬರದ ದಿನ ಬೇರೆ ಯಾವುದಿದೆ? ಹಲ್ಲುನೋವೆಂದು ಬೆಳಗಿನಿಂದ ಎಡಗಡೆಯ ದವಡೆಯಲ್ಲಿ ಲವಂಗ ಒತ್ತಿಕೊಂಡೇ ಇದ್ದಳು. ಒಂದು ಸಪ್ಪೆಯಾದರೆ ಇನ್ನೊಂದು. ಆದರೂ ಮಾತಿಗೆ ಬರವಿರಲಿಲ್ಲ.

“ಕೆರಿ, ಕೆರಿ. ಮರಾನೂ ಕೆರೆದು ಡಬ್ಬಕ್ಕೆ ಹಾಕು,” ಅಂದಳು. “ನಿಮ್ಮಪ್ಪನ ಮನೆಯಿಂದ ತಂದ ಚೌಕಟ್ಟು ನೋಡು, ಸವೆದ್ರೇನು.”

ಕಿರಿಯವಳು ತಲೆ ಎತ್ತಲಿಲ್ಲ. ಆದರೆ ಅವಳೂ ಹಸುವಲ್ಲ. ಒಂದೊಂದು ಕೆರೆತಕ್ಕೆ ಒಂದೊಂದು ಉತ್ತರವನ್ನು ತನ್ನ ತವರಿನ ಮಾತಿನಲ್ಲಿ ಒಳಗೊಳಗೇ ಹೊಸೆದಿಡುತ್ತಿದ್ದಳು. ಆ ಮಾತಿನಲ್ಲಿ ಬೈಗುಳಗಳು ಸೊಗಸಾಗಿದ್ದವು. ಅರ್ಥವಾಗುವವರು ಇಲ್ಲದಿರುವುದೊಂದೇ ಕೊರತೆ.

ಕೊಪ್ಪರಿಗೆಯ ಮುಂದೆ ಅವಳ ಗಂಡ ನಿಂತಿದ್ದ. ಉದ್ದನೆಯ ಮರದ ಹುಟ್ಟನ್ನು ಎರಡು ಕೈಯಲ್ಲೂ ಹಿಡಿದು ತಿರುವುತ್ತಿದ್ದ. ಹೆಂಡತಿಯ ಕಡೆಗೂ ಅಲ್ಲ, ಅತ್ತಿಗೆಯ ಕಡೆಗೂ ಅಲ್ಲ, ನೊರೆಯ ಕಡೆಗೇ ನೋಡುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಡುವ ಕೆಲಸವನ್ನು ಅವನಷ್ಟು ಶ್ರದ್ಧೆಯಿಂದ ಮಾಡುವವರು ಆ ಬೀದಿಯಲ್ಲಿ ಇರಲಿಲ್ಲ.

ಅವನೇ ಅವಳನ್ನು ಗುಡ್ಡದಾಚೆಯಿಂದ ಮದುವೆಯಾಗಿ ಕರೆತಂದವನು. ಎಣ್ಣೆಯ ಪೀಪಾಯಿ ತರಲು ಹೋದವನು ಹೆಂಡತಿಯನ್ನೂ ತಂದ ಎಂದು ಬೀದಿಯವರು ನಕ್ಕಿದ್ದರು. ಬಂದಾಗ ಅವಳಿಗೆ ಈ ಮನೆಯ ಮಾತು ಒಂದಕ್ಷರ ಬರುತ್ತಿರಲಿಲ್ಲ. ಅನ್ನಕ್ಕೆ ಬೇರೆ ಪದ, ನೀರಿಗೆ ಬೇರೆ, ಬಾಗಿಲಿಗೆ ಬೇರೆ. ವಾರಗಿತ್ತಿ ಬಕೆಟ್ ತಾ ಅಂದರೆ ಪೊರಕೆ ತಂದು, ಪೊರಕೆ ತಾ ಅಂದರೆ ಸುಮ್ಮನೆ ನಿಂತು, ಮೊದಲ ವಾರವೇ ‘ಮೊದ್ದು’ ಅನ್ನಿಸಿಕೊಂಡಳು. ಒಂದು ದಿನ ಮಾವ ಅವಳನ್ನು ಶೆಡ್ಡಿಗೆ ಕರೆದು ಒಂದೊಂದೇ ವಸ್ತು ತೋರಿಸುತ್ತಾ ಹೋದರು. ಒಲೆ, ಸೌಟು, ತಂತಿ, ತಕ್ಕಡಿ. ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. ಕೊನೆಗೆ ಒಣಗಲು ಇಟ್ಟಿದ್ದ ಒಂದು ಗಟ್ಟಿಯನ್ನು ಅಂಗೈ ಮೇಲಿಟ್ಟರು.

“ಸಾಬೂನು,” ಅಂದಳು ಅವಳು.

ಅವಳ ತವರಿನಲ್ಲೂ ಅದು ಸಾಬೂನೇ. ಮಾವ ಕೆಮ್ಮು ಬರುವಷ್ಟು ನಕ್ಕರು. ಹರೆಯದಲ್ಲಿ ಅವರು ಬಂದರಿನ ಸಾಬೂನು ಕಾರ್ಖಾನೆಯಲ್ಲಿ ದುಡಿದವರು. ಹಡಗಿನವರ ಬಾಯಿಯಿಂದ ಆ ಪದವನ್ನು ಹತ್ತಾರು ಥರ ಕೇಳಿದ್ದರು. ಅರಬ್ಬಿಯವನು ಸಾಬೂನ್ ಅನ್ನುತ್ತಾನೆ, ತುರ್ಕಿಯವನೂ ಹೆಚ್ಚುಕಡಿಮೆ ಹಾಗೇ. ಫ್ರೆಂಚಿನವನದು ಸವೋಂ. ಇಟಲಿಯವನದು ಸಪೋನೆ. ಪೂರ್ವ ಆಫ್ರಿಕಾದ ಕರಾವಳಿಯವನು ಸಬೂನಿ ಎಂದು ಬಾಲ ಎಳೆಯುತ್ತಾನೆ, ಜಪಾನಿನವನು ಶಬೋನ್ ಎಂದು ನುಂಗಿ ಬಿಡುತ್ತಾನೆ. ಇದನ್ನೆಲ್ಲ ಅವಳಿಗೆ ಕೈಸನ್ನೆಯಲ್ಲೇ ಹೇಳಿದ್ದರು, ಒಬ್ಬೊಬ್ಬ ನಾವಿಕನ ಟೋಪಿ ಗಡ್ಡಗಳನ್ನು ಗಾಳಿಯಲ್ಲಿ ಬರೆದು ತೋರಿಸಿ. ದೂರದ ದೇಶದಲ್ಲಿ ಸಾಪೊ ಎಂಬ ಬೆಟ್ಟವಿತ್ತಂತೆ. ಅದರ ಮೇಲೆ ಬಲಿಕೊಟ್ಟ ಪ್ರಾಣಿಗಳ ಕೊಬ್ಬು, ಒಲೆಯ ಬೂದಿ, ಎರಡೂ ಮಳೆನೀರಲ್ಲಿ ಹರಿದು ಕೆಳಗಿನ ಹೊಳೆ ಸೇರಿದವಂತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಇವತ್ತೇನು ಕೊಳೆ ತಾನಾಗಿಯೇ ಬಿಡುತ್ತಿದೆ ಎಂದು ಬೆರಗಾದರಂತೆ. ಅದೇ ಬೆಟ್ಟದ ಹೆಸರು ಹಡಗು ಹತ್ತಿ ಲೋಕ ಸುತ್ತಿತಂತೆ.

“ನೋಡಮ್ಮ, ಹೆಸರು ಎಲ್ಲಿ ಹೇಗಿದ್ರೂ ಕೈಯಿಂದ ಜಾರೋದು ಮಾತ್ರ ಒಂದೇ ಥರ,” ಎಂದಿದ್ದರು. ಅದರ ಅರ್ಥ ಅವಳಿಗೆ ಆದದ್ದು ತಿಂಗಳುಗಳ ಮೇಲೆ. ಅಷ್ಟರಲ್ಲಿ ಮಾವ ರುಚಿ ನೋಡುವ ಕೆಲಸವನ್ನೂ ಅವಳಿಗೇ ಕೊಟ್ಟಾಗಿತ್ತು. ಅತ್ತೆ ಸತ್ತಾಗಿನಿಂದ ಆ ಕೆಲಸ ತನಗೆ ಬರುತ್ತದೆಂದು ಕಾದು ಕೂತಿದ್ದ ಹಿರಿ ಸೊಸೆ, ಅವತ್ತಿನಿಂದ ಅವಳ ಪಾಲಿಗೆ ಎಣ್ಣೆಗೆ ಸೀಗೆಕಾಯಿ.

ಸಾಲದ್ದಕ್ಕೆ ಮಾವನದೊಂದು ತಮಾಷೆ ಇತ್ತು. ಪ್ರತಿ ಕುದಿಯ ಕೊನೆಗೆ ನೀರಿನ ಲೋಟ ಕೊಟ್ಟು, “ಏನಮ್ಮ ಇದು?” ಎಂದು ಕೊಪ್ಪರಿಗೆ ತೋರಿಸುತ್ತಿದ್ದರು. ಅವಳು ಬಾಯಿ ಮುಕ್ಕಳಿಸಿ, ದಿನದ ಮೊದಲ ಮಾತಾಗಿ, “ಸಾಬೂನು,” ಎನ್ನಬೇಕು. ಎನ್ನುತ್ತಿದ್ದಳು. ಎಂದಾಗ ವಾರಗಿತ್ತಿಯ ಕಡೆ ಓರೆಗಣ್ಣಿಂದ ನೋಡುವುದನ್ನು ಅವಳೂ ಬಿಟ್ಟಿರಲಿಲ್ಲ. ಒಳಗೆ ಪಾತ್ರೆಗಳು ಸದ್ದು ಮಾಡುತ್ತಿದ್ದವು.

ಬಿಸಿಲು ಶೆಡ್ಡಿನ ಹೊಸ್ತಿಲಿಗೆ ಬಂದಾಗ ಭಾವ ಬಂದ, ಹಿರಿ ಸೊಸೆಯ ಗಂಡ, ಮಾವನ ನಂತರ ಈಗ ಮನೆಯ ಯಜಮಾನ. ಹಿಂದೆಯೇ ಮೇಷ್ಟ್ರು. ನಿವೃತ್ತರಾದ ಮೇಲೆ ಅವರು ಬೀದಿಯ ನುಡಿ ಸಮಿತಿ ಕಟ್ಟಿದ್ದರು. ಬೀದಿಯ ಎಲ್ಲ ಅಂಗಡಿಗಳ ಹಲಗೆಗಳಲ್ಲಿ ಹೊರಗಿನ ಪದಗಳನ್ನು ಅಳಿಸಿ ನಮ್ಮ ಪದಗಳನ್ನು ಬರೆಸುವುದು ಅದರ ಕೆಲಸ. ಗುಡ್ಡದಾಚೆಯವರ ಅಂಗಡಿಗಳ ಹಲಗೆಗಳನ್ನು ಅಳಿಸುವ ಮೊದಲು ಒಡೆದದ್ದೂ ಉಂಟು. ಊರಿನ ಶಾಲೆಗಳಿಗೆಲ್ಲ ಕೈ ತೊಳೆಯುವ ಸಾಬೂನನ್ನು ಇದೇ ಮನೆಯಿಂದ ತೆಗೆದುಕೊಳ್ಳುವಂತೆ ಮಾಡಿಸುತ್ತೇನೆಂದು ಅವರು ಭಾವನಿಗೆ ಮಾತು ಕೊಟ್ಟಿದ್ದರು. ಷರತ್ತು ಒಂದೇ. ಗಟ್ಟಿಯ ಮೇಲೆ ಒತ್ತುವ ಮುದ್ರೆ ಬದಲಾಗಬೇಕು.

ಹೊಸ ಮುದ್ರೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ಭಾವನ ಕೈಗಿಟ್ಟರು. ಹಿತ್ತಾಳೆಯ ಮೇಲೆ ‘ತೊಳೆಗಟ್ಟಿ’ ಎಂದು ಕೆತ್ತಿಸಿದ್ದರು.

“ಎಷ್ಟು ಚೆನ್ನಾಗಿದೆ ಮೇಷ್ಟ್ರೇ,” ಅಂದ ಭಾವ. “ಹೇಳ್ತಿದ್ದ ಹಾಗೇ ಕೈ ಶುದ್ಧವಾದ ಹಾಗಾಗುತ್ತೆ. ನಿಮ್ಮಂಥವರ ತಲೇಲಿ ಮಾತ್ರ ಹುಟ್ಟೋ ಪದ.”

ಹಿರಿ ಸೊಸೆ ಒಂದೆರಡು ಸಲ ಹೇಳಿ ನೋಡಿದಳು. ಲವಂಗ ಅಡ್ಡ ಬಂದು, ಮೊದಲನೆಯ ಸಲ ಅದು ಬೇರೇನೋ ಆಯಿತು.

ಹಳೆಯ ಮುದ್ರೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮಾವ ಮಾಡಿಸಿದ್ದು, ಅದರ ಮೇಲೆ ಸಾಬೂನು ಎಂದಷ್ಟೇ ಇತ್ತು. ಭಾವ ಅದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಎಸೆದ. ಎಸೆದ ಮೇಲೆ ಅವನಿಗೇ ಸ್ವಲ್ಪ ಇರಿಸುಮುರಿಸಾಗಿರಬೇಕು. “ಅಪ್ಪ ಹೇಳ್ತಿದ್ರು, ಅದು ಯಾವುದೋ ಬೆಟ್ಟದ ಹೆಸರು ಅಂತ,” ಎಂದ.

ಮೇಷ್ಟ್ರು ನಕ್ಕರು. ಆ ಬೆಟ್ಟ ಯಾವ ಭೂಪಟದಲ್ಲೂ ಇಲ್ಲ ಎಂದರು. ಯಾರೋ ಕಟ್ಟಿದ ಕತೆ, ಸಾಬೂನು ಮಾರುವವರು ಸಾಕಿಕೊಂಡು ಬಂದ ಕತೆ. ಮತ್ತೆ, ಕೇಳದಿದ್ದರೂ, ಪಾಠ ಶುರುಮಾಡಿದರು. ಅವರು ಗೊತ್ತಿಲ್ಲದೆ ಮಾತಾಡುವವರಲ್ಲ, ಅದು ಅವರನ್ನು ದ್ವೇಷಿಸುವವರೂ ಒಪ್ಪುವ ಮಾತು. ಚಳಿದೇಶದ ಕಾಡುಜನ ಆಡಿನ ಕೊಬ್ಬು ಮತ್ತು ಮರದ ಬೂದಿ ಕಲಸಿ ಒಂದು ಲೇಪ ಮಾಡುತ್ತಿದ್ದರು. ತೊಳೆಯುವುದಕ್ಕಲ್ಲ, ತಲೆಗೂದಲಿಗೆ ಕೆಂಪು ಬಣ್ಣ ಹಾಕುವುದಕ್ಕೆ. ಹೆಂಗಸರಿಗಿಂತ ಗಂಡಸರೇ ಹೆಚ್ಚು ಬಳಿದುಕೊಳ್ಳುತ್ತಿದ್ದರಂತೆ. ಅದರ ಹೆಸರನ್ನು ರೋಮಿನವರು ಎತ್ತಿಕೊಂಡು ಲ್ಯಾಟಿನ್ನಿನಲ್ಲಿ ಸಾಪೊ ಎಂದರು. ಅಲ್ಲಿಂದ ಅರಬ್ಬಿಗೆ, ಅರಬ್ಬಿಯಿಂದ ಪಾರಸಿಗೆ, ತುರ್ಕಿಗೆ, ವ್ಯಾಪಾರಿಗಳ ಬಾಯಲ್ಲಿ ಎಲ್ಲೆಲ್ಲಿಗೋ.

“ಹಡಗು ಹತ್ತಿ ಬಂತು ಅನ್ನೋದು ನಿಮ್ಮಪ್ಪ ಸರಿಯಾಗೇ ಹೇಳಿದ್ದಾರೆ. ಆದ್ರೆ ಬಂದ ನೆಂಟ ಮನೆ ಯಜಮಾನ ಆಗಬಾರದು, ನೋಡಿ. ಕೂದಲ ಬಣ್ಣದ ಹೆಸರನ್ನ ಮಕ್ಕಳ ಕೈಗೆ ಯಾಕೆ ಕೊಡಬೇಕು?”

ಕಿರಿ ಸೊಸೆ ಚಾಕು ನಿಲ್ಲಿಸಿದ್ದಳು. ಮಾವ ಸತ್ತಾಗ ಅವಳು ಎಲ್ಲರೆದುರು ಅತ್ತಿರಲಿಲ್ಲ. ಈಗ ಕಣ್ಣು ತುಂಬದಿರಲೆಂದು ಚಾಕುವಿನ ಅಲಗನ್ನು ಬಟ್ಟೆಯಿಂದ ಒರೆಸಿದಳು. ಗಾಳಿಯಲ್ಲಿ ಕೈಯಾಡಿಸಿ ಮಾವ ಬರೆದಿದ್ದ ಬೆಟ್ಟ, ಅದರಡಿಯ ಹೊಳೆ, ಬಟ್ಟೆ ಎತ್ತಿ ಹಿಡಿದು ಬೆರಗಾಗಿದ್ದ ಹೆಂಗಸರು, ಎಲ್ಲರನ್ನೂ ಮೇಷ್ಟ್ರು ಒಂದೇ ನಗೆಯಲ್ಲಿ ಒರೆಸಿ ಹಾಕಿದ್ದರು. ಸುಳ್ಳಾಗಿದ್ದರೆ ಸುಳ್ಳೇ ಇರಲಿ. ಈ ಮನೆಯಲ್ಲಿ ಅವಳ ಕಾಲಿಗೆ ಸಿಕ್ಕಿದ ಮೊದಲ ನೆಲ ಅದು.

ಮೇಷ್ಟ್ರಿಗೆ ಇನ್ನೂ ಹುಮ್ಮಸ್ಸಿತ್ತು. ಒಂದೊಂದು ದೇಶದಲ್ಲಿ ಆ ಪದಕ್ಕೆ ಒಂದೊಂದು ಬಣ್ಣ ಎಂದರು. ಸ್ಪೇನಿನಲ್ಲಿ ಒಬ್ಬನಿಗೆ ಸಾಬೂನು ಕೊಟ್ಟ ಎಂದರೆ ಅವನನ್ನು ಹೊಗಳಿ ಅಟ್ಟಕ್ಕೇರಿಸಿದ ಎಂದರ್ಥ. ಪಕ್ಕದ ಫ್ರಾನ್ಸಿಗೆ ಕಾಲಿಟ್ಟರೆ, ಸಾಬೂನು ಕೊಡುವುದೆಂದರೆ ಹಿಗ್ಗಾಮುಗ್ಗಾ ಬೈಯುವುದು.

“ಹಾಗಾದ್ರೆ ನಾನು ಇವಳಿಗೆ ದಿನಾ ಎರಡು ಹೊತ್ತೂ ಸಾಬೂನು ಕೊಡ್ತಿದೀನಿ,” ಅಂದಳು ಹಿರಿ ಸೊಸೆ. “ಆದ್ರೂ ಕೊಳೆ ಬಿಡ್ತಿಲ್ಲ.”

ಭಾವ ಜೋರಾಗಿ ನಕ್ಕ. ಬಾಗಿಲಿಂದ ಒಳಗೆ ಬಂದಾಗಿನಿಂದ ತಾನು ಮೇಷ್ಟ್ರಿಗೆ ಕೊಡುತ್ತಿದ್ದದ್ದು ಯಾವ ದೇಶದ ಸಾಬೂನು ಎಂದು ಅವನಿಗೆ ಹೊಳೆದಂತಿರಲಿಲ್ಲ. ಮೇಷ್ಟ್ರು ನಗಲಿಲ್ಲ, ನೆಲದ ಮೇಲೆ ಕೂತಿದ್ದವಳನ್ನು ಆಗಷ್ಟೇ ಗಮನಿಸಿದವರಂತೆ ನೋಡಿ, ಇವಳು ಯಾಕೆ ಮಾತಾಡುವುದಿಲ್ಲ ಎಂದು ಕೇಳಿದರು. ಭಾವ ಮನೆಯ ಪದ್ಧತಿಯನ್ನು ಹೇಳಿದ, ಮನೆಯ ಮುದುಕರ ಕೆಮ್ಮಿನ ಬಗ್ಗೆ ಹೇಳುವವರಂತೆ.

“ಆಚೆ ಕಡೆಯವಳು?” ಎಂದರು ಮೇಷ್ಟ್ರು.

“ಹೂಂ. ರುಚಿ ನೋಡೋಕೆ ಅಪ್ಪ ಆರಿಸಿದ್ದು.”

ಮೇಷ್ಟ್ರು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅಷ್ಟು ಸಾಕಿತ್ತು.

ಕೊಪ್ಪರಿಗೆಯಲ್ಲಿ ಗುಳ್ಳೆಗಳು ದಪ್ಪವಾಗಿ, ನಿಧಾನವಾಗಿ ಒಡೆಯತೊಡಗಿದ್ದವು. ಗಂಡ ಸೌಟು ತುಂಬಿ ಹೆಂಚಿನ ತುಂಡಿನ ಮೇಲೆ ಇಳಿಬಿಟ್ಟು ಅವಳ ಮುಂದೆ ಹಿಡಿದ. ಅದು ಆರಲೆಂದು ಅವಳು ಕಾದಳು.

ಆ ಹೊತ್ತಿನಲ್ಲಿ ಅವಳಿಗೆ ಒಂದು ಆಸೆ ಹುಟ್ಟಿತು. ಇದು ಚುಳ್ ಎನ್ನಲಿ. ಇವರ ಹೊಸ ಮುದ್ರೆ ಕೆಲಸವಿಲ್ಲದೆ ಸುಮ್ಮನೆ ಕೂರಲಿ. ಮೇಷ್ಟ್ರು ಕಾಯಲಿ, ಭಾವ ಕೈ ಹಿಸುಕಿಕೊಳ್ಳಲಿ, ವಾರಗಿತ್ತಿಯ ಹಲ್ಲು ಇನ್ನಷ್ಟು ನೋಯಲಿ. ಅಂಥ ಆಸೆ ಹೊತ್ತ ನಾಲಿಗೆಯನ್ನು ಅವಳು ಹೆಂಚಿಗೆ ತಾಗಿಸಿದಳು.

ಚುಳ್ ಎಂದಿತು.

ಅವಳಿಗೇ ಅನುಮಾನ ಬಂತು. ನಾಲಿಗೆ ಹೇಳಿದ್ದೋ, ಹೊಟ್ಟೆಯ ಉರಿ ಹೇಳಿದ್ದೋ? ಮಾವ ಒಮ್ಮೆ ಹೇಳಿದ್ದರು, ಸಿಟ್ಟು ಬಂದ ದಿನ ಎರಡು ಸಲ ನೋಡಬೇಕು ಎಂದು. ಹೆಂಚಿನ ಇನ್ನೊಂದು ಅಂಚಿನಿಂದ ಚೂರು ತೆಗೆದು ನಾಲಿಗೆಯ ಬೇರೆ ಬದಿಗೆ ತಾಗಿಸಿದಳು. ಈ ಸಲ ಎಳೆದ ಗೆರೆಯಂತೆ ಉರಿ ಹಿಂದಕ್ಕೆ ಓಡಿತು. ಕಣ್ಣಲ್ಲಿ ನೀರು ತುಂಬಿತು. ಅನುಮಾನವಿಲ್ಲ. ಅವಳು ತಲೆಯನ್ನು ಅಡ್ಡಡ್ಡ ಆಡಿಸಿದಳು.

“ನೋಡಿದ್ರಾ?” ಅಂದಳು ಹಿರಿ ಸೊಸೆ. “ನಾನು ಬೆಳಿಗ್ಗೇನೇ ಹೇಳ್ಲಿಲ್ವಾ? ಇವತ್ತು ಇವಳು ಆಗಲ್ಲ ಅಂತಾಳೆ ಅಂತ.”

ಭಾವ ಒಲೆಯ ಬಳಿಯ ಸೌದೆಯ ಕಡೆ ನೋಡಿದ, ಆಮೇಲೆ ಮೇಷ್ಟ್ರ ಕಡೆ. ಶಾಲೆ ತೆರೆಯುವುದರೊಳಗೆ ಗಟ್ಟಿಗಳು ಒಣಗಬೇಕಿತ್ತು. ಕುದಿ ಸರಿಯಾಗಿಯೇ ಇದೆ, ಬಣ್ಣ ನೋಡಿದರೇ ಗೊತ್ತಾಗುತ್ತದೆ, ಎಂದ. ನೀನೇನಂತೀಯ ಎಂದು ತಮ್ಮನನ್ನು ಕೇಳಿದ. ತಮ್ಮ ಹುಟ್ಟನ್ನು ಇನ್ನೊಂದು ಸುತ್ತು ತಿರುವಿ, ಬಣ್ಣ ಬಂದಿದೆ ಅನ್ನಿಸುತ್ತೆ, ಆದರೆ ನೋಡಿ, ಎಂದ.

“ಒಂದೇ ನಾಲಿಗೇನಾ ಈ ಮನೇಲಿರೋದು?” ಎಂದು ಹಿರಿ ಸೊಸೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಕೊಡಿ ಇಲ್ಲಿ.”

ಕಿರಿಯವಳು ಎದ್ದು ನಿಂತಳು. ದವಡೆಯಲ್ಲಿ ಲವಂಗವಿದೆ. ಬೆಳಗಿನಿಂದ ಇದೆ. ಲವಂಗದ ಬಾಯಿಗೆ ಕೆಂಡ ಇಟ್ಟರೂ ತಡವಾಗಿ ಗೊತ್ತಾಗುತ್ತದೆ. ಇದನ್ನು ಹೇಳಬೇಕು. ಹೇಳುವಂತಿಲ್ಲ, ನೀರು ಬಂದಿಲ್ಲ. ನೀರು ಬರುವ ಮೊದಲು ಬಾಯಿ ಬಿಟ್ಟ ನಾಲಿಗೆಯ ತೀರ್ಪು ತೀರ್ಪೇ ಅಲ್ಲ ಎಂಬುದು ಮಾವನ ಕಟ್ಟು. ಮಾತಾಡಿದರೆ, ತಾನೇ ತನ್ನ ಕೈಯಾರೆ ತೀರ್ಪನ್ನು ಒಲೆಗೆ ಹಾಕಿದ ಹಾಗೆ. ಅವಳು ತನ್ನ ಎಡಗೆನ್ನೆಯನ್ನು ಬೆರಳಿಂದ ತಟ್ಟಿ ತೋರಿಸಿದಳು. ವಾರಗಿತ್ತಿಯ ಕಡೆ ಕೈ ಮಾಡಿ, ಮತ್ತೆ ಕೆನ್ನೆ ತಟ್ಟಿದಳು.

“ನೋಡಿ ನೋಡಿ,” ಅಂದಳು ಹಿರಿ ಸೊಸೆ, ಗಂಡನ ಕಡೆ ತಿರುಗಿ. “ಕೆನ್ನೆಗೆ ಬಾರಿಸ್ತೀನಿ ಅಂತ ಸನ್ನೆ ಮಾಡ್ತಾಳೆ. ಮಾತಾಡದೇ ಇದ್ರೇ ಇಷ್ಟು, ಮಾತಾಡಿದ್ರೆ ಇನ್ನೆಷ್ಟು.”

ಹಿರಿ ಸೊಸೆಗೆ ಸನ್ನೆಯ ಅರ್ಥ ಆಗಿತ್ತು. ನಾಲಿಗೆಯಿಂದ ಲವಂಗವನ್ನು ಒಳಕ್ಕೆ ಸರಿಸಿಕೊಂಡದ್ದನ್ನು ಕಿರಿಯವಳು ನೋಡಿದಳು. ನೋಡಿದವಳು ಅವಳೊಬ್ಬಳೇ ಅಲ್ಲ; ಅವಳ ಗಂಡನೂ ಅದೇ ಕಡೆ ನೋಡುತ್ತಿದ್ದ. ಆಮೇಲೆ ಅವನ ಕಣ್ಣು ನೊರೆಗೆ ಮರಳಿತು.

ಹಿರಿ ಸೊಸೆ ಹೆಂಚಿನಿಂದ ದೊಡ್ಡ ಚೂರನ್ನೇ ಬಳಿದು ನಾಲಿಗೆಗಿಟ್ಟಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸಪ್ಪೆ ಎನ್ನುವಂತೆ ತುಟಿ ಹಿಂಡಿ, ತಲೆಯಾಡಿಸಿದಳು, ಒಂದಲ್ಲ, ಹಲವು ಸಲ.

ಭಾವ ಗೂಡಿನಲ್ಲಿದ್ದ ಅಪ್ಪನ ಲೋಟವನ್ನು ತೆಗೆದ. ಧೂಳಿತ್ತು, ಪಂಚೆಯ ತುದಿಯಿಂದ ಒರೆಸಿದ. ಕೊಡದಿಂದ ನೀರು ತುಂಬಿ, ಮೇಷ್ಟ್ರ ಮುಂದೆ ಹಾದು, ಹೆಂಡತಿಯ ಕೈಗೆ ಕೊಟ್ಟ. ಅವಳು ಮುಕ್ಕಳಿಸಿ ಉಗುಳಿದಳು. ನೀರಿನೊಂದಿಗೆ ಲವಂಗವೂ ಬಚ್ಚಲ ಬಾಯಿಗೆ ಹೋಗಿ ಬಿತ್ತು. ಅದನ್ನು ಯಾರೂ ಬಗ್ಗಿ ನೋಡಲಿಲ್ಲ.

“ಏನಿದು?” ಎಂದು ಭಾವ ಕೊಪ್ಪರಿಗೆ ತೋರಿಸಿ ಕೇಳಿದ. ಅಪ್ಪನ ದನಿಯನ್ನು ಅನುಕರಿಸಲು ನೋಡಿದ, ಬರಲಿಲ್ಲ.

“ತೊಳೆಗಟ್ಟಿ,” ಅಂದಳು ಹಿರಿ ಸೊಸೆ. ಈ ಸಲ ಸರಿಯಾಗಿ ಬಂತು.

ಮೇಷ್ಟ್ರು ಶಭಾಶ್ ಎಂದರು. ಅದು ಯಾವ ದೇಶದ ಪದ ಎಂದು ಅವರನ್ನು ಯಾರೂ ಕೇಳಲಿಲ್ಲ.

ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಹಿಡಿದು ಸುರಿಯತೊಡಗಿದರು. ಬಿಳಿಯ ಗಂಜಿಯಂಥದು ಕಿರಿಯವಳು ಬೆಳಗಿನಿಂದ ಕೆರೆದು ಒರೆಸಿಟ್ಟ ಚೌಕಟ್ಟುಗಳಿಗೆ ಇಳಿಯಿತು, ಮೂಲೆಗಳನ್ನು ತುಂಬಿತು. ಹಿರಿ ಸೊಸೆ ಮರದ ಪಟ್ಟಿಯಿಂದ ಮೇಲ್ಮೈ ಸವರಿದಳು. ಮೇಷ್ಟ್ರು ಶಾಲೆಯ ಮಕ್ಕಳ ಸಾಲು, ನಲ್ಲಿ, ಗಟ್ಟಿ ಹಂಚುವ ದಿನದ ಭಾಷಣ ಎಲ್ಲವನ್ನೂ ವಿವರಿಸುತ್ತಿದ್ದರು. ಭಾವ ಹೂಂಗುಟ್ಟುತ್ತಿದ್ದ.

ಕಿರಿ ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ನಾಲಿಗೆಯ ತುದಿಯಲ್ಲಿ ಹತ್ತಿದ ಉರಿ ಈಗ ಅಂಚುಗಳಿಗೂ ಹಬ್ಬಿತ್ತು. ಉಗುಳು ನುಂಗಿದರೆ ಗಂಟಲಿಗೂ ಇಳಿಯುತ್ತಿತ್ತು. ಕೊಡ ಮಾರು ದೂರದಲ್ಲಿತ್ತು. ಹೋಗಿ ಬಗ್ಗಿಸಿಕೊಂಡರೆ ಯಾರೂ ತಡೆಯುತ್ತಿರಲಿಲ್ಲ. ಆದರೆ ತಾನೇ ಬಗ್ಗಿಸಿಕೊಂಡ ನೀರು ಬಾಯಿಯನ್ನಷ್ಟೇ ತೊಳೆಯುತ್ತದೆ. ಅವಳು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದ ಹಳೆಯ ಮುದ್ರೆಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಚೌಕಟ್ಟುಗಳು ತುಂಬುವವರೆಗೆ ಕಾದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಯಲ್ಲಿ ಗಂಡನ ಮುಖ.

“ಒಂದು ಲೋಟ ನೀರು ಕೊಡಿ,” ಅಂದಳು.

ದನಿ ಒರಟಾಗಿ ಬಂತು, ದಿನವಿಡೀ ಮುಚ್ಚಿದ್ದ ಬಾಯಿಯ ದನಿ. ಮೇಷ್ಟ್ರು ಒಂದು ಕ್ಷಣ ಮಾತು ನಿಲ್ಲಿಸಿ ಮತ್ತೆ ಮುಂದುವರಿಸಿದರು. ಹಿರಿ ಸೊಸೆ ಪಟ್ಟಿಗೆ ಅಂಟಿದ್ದನ್ನು ಬೆರಳಿಂದ ಬಳಿದಳು. ಗಂಡ ಖಾಲಿ ಕೊಪ್ಪರಿಗೆಯೊಳಗೆ ತಲೆ ಹಾಕಿ ತಳ ಕೆರೆಯುತ್ತಿದ್ದ.

“ನೀರು ಕೊಡಿ,” ಅಂದಳು ಅವಳು.